ವಿವಾಹಪೂರ್ವ ಛಾಯಾಚಿತ್ರ: ಉಪಕಾರವೋ, ಆಡಂಬರವೋ?

ಮದುವೆಗೆ ಕೆಲವು ದಿನಗಳ ಮೊದಲೇ ವಧೂವರರನ್ನು ಕೆರೆಯ ದಂಡೆಗೋ, ತೋಟಕ್ಕೋ, ಹಂಪೆಯಂತಹ ಹಳೆಯ ತಾಣಕ್ಕೋ ಕರೆದೊಯ್ದು ಛಾಯಾಚಿತ್ರ ತೆಗೆಸುವ ಪದ್ಧತಿಯು ಈಚೆಗೆ ಕನ್ನಡ ನಾಡಿನಲ್ಲಿ ಹರಡಿದೆ. ಹಿರಿಯರಲ್ಲಿ ಅನೇಕರು ಇದನ್ನು ಹಳಿಯುತ್ತಾರೆ, ಕಿರಿಯರು ಹಂಬಲಿಸುತ್ತಾರೆ. ಹಳಿಯುವುದೂ ಹಂಬಲಿಸುವುದೂ ವಿಚಾರವಲ್ಲ. ಇದರಿಂದ ಗೃಹಸ್ಥರಿಗೆ ನಿಜವಾದ ಪ್ರಯೋಜನವಿದೆಯೇ, ಇದ್ದರೆ ಅದರ ಮೇರೆ ಎಲ್ಲಿ ಎಂಬುದೇ ವಿವೇಚನೆಗೆ ತಕ್ಕ ಪ್ರಶ್ನೆ.

ಇಂದಿನ ಮದುವೆಯ ಮಂಟಪವನ್ನು ನೋಡಿದರೆ ಮೊದಲ ಪ್ರಯೋಜನವು ತಾನೇ ತಿಳಿಯುತ್ತದೆ. ಪಂಚಕಲಶಗಳ ಮುಂದೆ ಗುರುಹಿರಿಯರು ಕುಳಿತಿರುತ್ತಾರೆ; ಬಂಧುಗಳು ಅಕ್ಷತೆ ಹಿಡಿದು ನಿಂತಿರುತ್ತಾರೆ. ಮಾಂಗಲ್ಯ ಹಿಡಿದ ವರನ ಕೈಯನ್ನು ಛಾಯಾಚಿತ್ರಗಾರನು ತಡೆದು, “ಸ್ವಲ್ಪ ಇತ್ತ ನೋಡಿ, ಇನ್ನೊಮ್ಮೆ” ಎನ್ನುತ್ತಾನೆ. ಬಾಳಿನ ಹೊಣೆಯನ್ನು ಹೊರುವ ಆ ಗಳಿಗೆಯಲ್ಲಿ ಮನಸ್ಸು ಹೊಣೆಯ ಕಡೆಗಿಲ್ಲ, ಕ್ಯಾಮೆರಾದ ಕಡೆಗಿದೆ. ಮನಸ್ಸಿಲ್ಲದೆ ನಡೆದ ಕ್ರಿಯೆಯು ಬರಿಯ ಚಲನೆಯಲ್ಲದೆ ಆಚಾರವಾಗಲಾರದು. ಬೇಕಾದ ಭಾವಚಿತ್ರಗಳನ್ನು ಬೇರೊಂದು ದಿನ ತೆಗೆಸಿದರೆ ಈ ತೊಡಕು ನೀಗುತ್ತದೆ. ಆಗ ಸಂಸ್ಕಾರದ ಹೊತ್ತಿನಲ್ಲಿ ದೂರದಿಂದಲೇ ಚಿತ್ರ ತೆಗೆಯುವಂತೆ ಛಾಯಾಚಿತ್ರಗಾರನಿಗೆ ಹೇಳಬಹುದು. ಅವನ ಕಾಯಕಕ್ಕೂ ಇದು ಹಿತ: ಮುಂಜಾವಿನ ಅಥವಾ ಸಂಜೆಯ ಹದವಾದ ಬೆಳಕು ದೊರೆಯುತ್ತದೆ, ಅವಸರವಿರುವುದಿಲ್ಲ, ಸಂಕೋಚದ ಮುಖವನ್ನು ಅರಿಯಲು ಸಮಯವಿರುತ್ತದೆ.

ಎರಡನೆಯ ಪ್ರಯೋಜನವು ಇನ್ನೂ ಸೂಕ್ಷ್ಮವಾದುದು. ಹಿರಿಯರು ಕೂಡಿಸಿದ ಸಂಬಂಧಗಳಲ್ಲಿ ವಧೂವರರು ಹತ್ತು ಜನರ ನಡುವೆ ಹೆಣ್ಣು ನೋಡುವ ದಿನ ಕಂಡಿರುತ್ತಾರೆ. ಆಡಿದ ಮಾತು ಅಲ್ಪ. ಮನೆಯವರ ಒಪ್ಪಿಗೆಯಿಂದ ಒಂದು ಹಗಲು ಜೊತೆಯಲ್ಲಿ ಕಳೆದಾಗ ಸ್ವಭಾವವು ಕಾಣುತ್ತದೆ. ಬಿಸಿಲಿನಲ್ಲಿ ಬೆಳಕಿನ ಛತ್ರಿ ಹಿಡಿದ ಹುಡುಗನಿಗೆ ವರನು ನೀರು ಕೊಡಿಸುವನೋ, ಗದರುವನೋ? ತಡವಾದಾಗ ವಧುವು ತಾಳುವಳೋ, ಮುನಿಯುವಳೋ? ನುಡಿಗಿಂತ ನಡೆ ಹಿರಿದೆಂದು ಶರಣರು ಸಾರಿದ ಮಾತಿಗೆ ಇಂತಹ ಸಣ್ಣ ಸಂಗತಿಗಳೇ ಒರೆಗಲ್ಲು.

ಆದರೆ ಮೇರೆ ಮೀರಿದರೆ ಉಪಕಾರವೇ ಅಪಕಾರವಾಗುತ್ತದೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ, ಇಂತಹ ಚಿತ್ರಕ್ಕಾಗಿ ಹೋದ ಜೋಡಿಯೊಂದು ತೆಪ್ಪ ಮಗುಚಿ ನೀರುಪಾಲಾಯಿತು. ಹಸೆಗೆ ಅಣಿಯಾಗುತ್ತಿದ್ದ ಎರಡು ಮನೆಗಳಲ್ಲಿ ಶೋಕ ತುಂಬಿತು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ವೈದ್ಯನೊಬ್ಬನು ಶಸ್ತ್ರಚಿಕಿತ್ಸೆಯ ಸೋಗು ಹೂಡಿ ಚಿತ್ರ ತೆಗೆಸಿ ಕೆಲಸ ಕಳೆದುಕೊಂಡನು. ಮೊದಲನೆಯದರಲ್ಲಿ ಜೀವಕ್ಕೆ ಕೇಡಾಯಿತು, ಎರಡನೆಯದರಲ್ಲಿ ಕಾಯಕದ ಗೌರವಕ್ಕೆ. ಮೂರನೆಯ ಕೇಡು ಸದ್ದಿಲ್ಲದುದು: ನೆರೆಮನೆಯವರನ್ನು ನೋಡಿ ತಾವೂ ತೆಗೆಸಬೇಕೆಂಬ ಹಟ, ಅದಕ್ಕಾಗಿ ತಂದೆಯ ತಲೆಯ ಮೇಲೆ ಸಾಲ. ಸಾಲದಿಂದ ಕೊಂಡ ನಗೆಯು ಚಿತ್ರದಲ್ಲಿ ಉಳಿಯುತ್ತದೆ, ಮನೆಯಲ್ಲಿ ಉಳಿಯುವುದಿಲ್ಲ.

ಆದುದರಿಂದ ಇಬ್ಬರ ಮನಸ್ಸೂ ಒಪ್ಪಿರಬೇಕು, ವೆಚ್ಚವು ಗಳಿಕೆಯ ಮಿತಿಯಲ್ಲಿದ್ದು ಎರಡೂ ಮನೆಯವರು ಹಂಚಿಕೊಳ್ಳುವಂತಿರಬೇಕು, ತಾಣವು ಅಪಾಯವಿಲ್ಲದುದಾಗಿರಬೇಕು. ಊರ ತೋಟವೂ ಮನೆಯಂಗಳವೂ ಇದಕ್ಕೆ ಸಾಕು. ಚಿತ್ರವು ಕುರುಹು ಮಾತ್ರ, ಅರಿವು ಬಾಳಿನಲ್ಲಿರಬೇಕು. ಗೋಡೆಯ ಮೇಲಿನ ಪಟದಲ್ಲಿ ಒಂದು ಕ್ಷಣ ನಕ್ಕವರು ಅದರ ಕೆಳಗೆ ಬಾಳುವ ದಿನಗಳಲ್ಲಿಯೂ ಒಬ್ಬರನ್ನೊಬ್ಬರು ಅರಿತು ನಡೆದರೆ, ಆ ಚಿತ್ರಕ್ಕೆ ಕೊಟ್ಟ ಹಣವೂ ಸಾರ್ಥಕ, ಕಳೆದ ಹಗಲೂ ಸಾರ್ಥಕ.