ತಿದ್ದಿದ ಚಿತ್ರವೂ ಸಾಕ್ಷಿಯ ನೆನಪೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಛಾಯಾಚಿತ್ರವನ್ನು ಗಣಕಯಂತ್ರದಲ್ಲಿ ಬೇಕಾದಂತೆ ತಿದ್ದಬಹುದಾದ ಈ ಕಾಲದಲ್ಲಿ ಆ ಮಾತು ಪೋಲೀಸು ತನಿಖೆಗೆ ವಿಶೇಷವಾಗಿ ಸಲ್ಲುವುದು. ಅಪರಾಧಿಯನ್ನು ಕಂಡುಹಿಡಿಯುವ ಸದುದ್ದೇಶದಿಂದ ಚಿತ್ರವನ್ನು ತಿದ್ದುವುದು ಧರ್ಮವೆ? ಧರ್ಮವಾದರೆ ಎಲ್ಲಿಯವರೆಗೆ?

ಕೂಳೂರಿನಲ್ಲಿ ಫಲ್ಗುಣಿ ನದಿಯ ಸೇತುವೆಯ ಬಳಿ ರಾತ್ರಿಯ ವೇಳೆ ಲಾರಿಯೊಂದು ದಾರಿಹೋಕನಿಗೆ ಬಡಿದು ನಿಲ್ಲದೆ ಹೋಯಿತೆಂದು ಊಹಿಸಬಹುದು. ರಸ್ತೆಬದಿಯ ಕ್ಯಾಮರಾದಲ್ಲಿ ಅದರ ನಂಬರು ಮಸುಕಾಗಿ ಮೂಡಿದೆ. ಪೋಲೀಸರು ಚಿತ್ರದ ಬೆಳಕನ್ನು ಹೆಚ್ಚಿಸಿ ಆ ನಂಬರನ್ನು ಓದಿದರೆ ಅದು ಕನ್ನಡಕ ಧರಿಸಿ ನೋಡಿದಂತೆಯೇ ಸರಿ. ಇದ್ದುದನ್ನು ಕಂಡಂತಾಯಿತೇ ಹೊರತು ಇಲ್ಲದುದನ್ನು ಸೃಷ್ಟಿಸಿದಂತಾಗಲಿಲ್ಲ. ಮಕ್ಕಳನ್ನು ಪೀಡಿಸಿದವನೊಬ್ಬನು ಚಿತ್ರಗಳಲ್ಲಿ ತನ್ನ ಮುಖವನ್ನು ಸುಳಿಯಂತೆ ತಿರುಚಿ ಮರೆಮಾಡಿದ್ದನು. ಜರ್ಮನಿಯ ಪೋಲೀಸರು ಆ ತಿರುಚನ್ನು ಬಿಡಿಸಿದರು. 2007ರಲ್ಲಿ ಇಂಟರ್‌ಪೋಲ್ ಆ ಮುಖವನ್ನು ಪ್ರಕಟಿಸಿತು. ಅದೇ ವರ್ಷ ಅವನು ಥೈಲೆಂಡಿನಲ್ಲಿ ಸೆರೆಸಿಕ್ಕಿದನು. ಇದೂ ಅದೇ ಜಾತಿಯ ಕೆಲಸ.

ಅಮೆರಿಕೆಯ ಪೋರ್ಟ್‌ಲೆಂಡಿನಲ್ಲಿ 2017ರ ಬ್ಯಾಂಕು ದರೋಡೆಗಳ ತನಿಖೆಯಲ್ಲಿ ನಡೆದುದು ಬೇರೆ. ಕಳ್ಳನ ಮುಖದಲ್ಲಿ ಹಚ್ಚೆಯಿತ್ತೆಂದು ಬ್ಯಾಂಕಿನ ನೌಕರರು ಹೇಳಿರಲಿಲ್ಲ. ಸಂಶಯಕ್ಕೆ ಗುರಿಯಾದವನ ಮುಖದಲ್ಲಾದರೋ ಹಚ್ಚೆಗಳಿದ್ದುವು. ಪೋಲೀಸರು ಫೋಟೋಶಾಪಿನಿಂದ ಅವನ್ನು ಅಳಿಸಿ, ಆ ಚಿತ್ರವನ್ನು ಇತರರ ಚಿತ್ರಗಳೊಡನೆ ಸಾಕ್ಷಿಗಳ ಮುಂದಿಟ್ಟರು. ಅವನು ಬಣ್ಣ ಬಳಿದು ಹಚ್ಚೆಗಳನ್ನು ಮುಚ್ಚಿಕೊಂಡಿರಬಹುದೆಂಬುದು ಅವರ ಸಮಾಧಾನ. ಹಚ್ಚೆಯವನೊಬ್ಬನೇ ಎದ್ದು ಕಾಣುವುದೂ ನ್ಯಾಯವಲ್ಲವೆಂಬುದು ದಿಟ. ಆದರೆ ಆ ಹಚ್ಚೆಗಳು ಅವನ ಪಕ್ಷದ ಸಾಕ್ಷ್ಯವೂ ಆಗಿದ್ದುವು. ಸಿದ್ಧಪಡಿಸಬೇಕಾದ ಊಹೆಯನ್ನು ಸಿದ್ಧವಾದುದೆಂದೇ ಹಿಡಿದು ಚಿತ್ರವನ್ನು ತಿದ್ದಿದ ಮೇಲೆ, ಸಾಕ್ಷಿಯು ಗುರುತಿಸುವುದು ತಾನು ಕಂಡ ಮನುಷ್ಯನನ್ನೋ ಪೋಲೀಸರ ಊಹೆಯನ್ನೋ?

ಭಾರತದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ದೃಢಪತ್ರವನ್ನು ಬೇಡುತ್ತದೆ. ಅದರಲ್ಲಿ ದಾಖಲೆಯ 'ಹ್ಯಾಶ್' ಎಂಬ ಗುರುತನ್ನು ಕಾಣಿಸಬೇಕು. ದಾಖಲೆಯು ಎಳ್ಳಷ್ಟು ಬದಲಾದರೂ ಆ ಗುರುತು ಬದಲಾಗುವುದು. ಹೀಗೆ ಚಿತ್ರದ ಮೂಲವನ್ನು ಕಾಯಬಹುದು. ಮನುಷ್ಯನ ನೆನಪಿಗಾದರೋ ಅಂಥ ಮೂಲಪ್ರತಿಯಿಲ್ಲ. ತಿದ್ದಿದ ಮುಖವನ್ನೊಮ್ಮೆ ಕಂಡವನ ಮನಸ್ಸಿನಲ್ಲಿ ಆ ಮುಖವೇ ನೆಲೆಯೂರಬಹುದು. ಮುಂದೆ ಅವನು ನ್ಯಾಯಸ್ಥಾನದಲ್ಲಿ ಸುಳ್ಳಾಡುವ ಇಚ್ಛೆಯಿಲ್ಲದೆಯೇ ಸುಳ್ಳಿಗೆ ಸಾಕ್ಷಿಯಾದಾನು.

ಆದುದರಿಂದ ಮೂಲವನ್ನು ಉಳಿಸಿ, ಮಾಡಿದುದನ್ನೆಲ್ಲ ಬರೆದಿಟ್ಟು ಚಿತ್ರವನ್ನು ಸ್ಪಷ್ಟಗೊಳಿಸುವುದು ಒಪ್ಪತಕ್ಕದ್ದು. ಮುಖದ ಗುರುತನ್ನು ಮರೆಸಲೇಬೇಕಾದರೆ ಎಲ್ಲ ಚಿತ್ರಗಳಲ್ಲಿಯೂ ಆ ಭಾಗವನ್ನು ಸಮನಾಗಿ ಮುಚ್ಚಿ, ಮುಚ್ಚಿದೆಯೆಂದು ಸಾಕ್ಷಿಗೆ ಹೇಳಬೇಕು. ಮುಚ್ಚಿದುದು ಮುಚ್ಚಿದಂತೆ ಕಾಣುವುದು. ಅಳಿಸಿದುದು ಇಲ್ಲದಂತೆಯೇ ಕಾಣುವುದು. ನ್ಯಾಯಾನ್ಯಾಯಗಳ ಅಂತರವಿರುವುದು ಅಲ್ಲಿಯೇ.