ಹುಟ್ಟಲಿರುವ ಮರಿಯ ಹೊಣೆ

ಶುದ್ಧ ತಳಿಯ ಎರಡು ನಾಯಿಗಳನ್ನು ಜೋಡಿ ಮಾಡಿಸಬಹುದೇ ಎಂಬ ಪ್ರಶ್ನೆ ಪಶುವೈದ್ಯಕ್ಕೆ ಎಷ್ಟು ಸೇರಿದ್ದೋ ಧರ್ಮಕ್ಕೂ ಅಷ್ಟೇ ಸೇರಿದ್ದು. ಸಾಕಿದ ನಾಯಿಗೆ ಸಂಗಾತಿಯನ್ನು ಆರಿಸುವವನು ಒಡೆಯ. ಹುಟ್ಟುವ ಮರಿ ನೆಟ್ಟಗೆ ಓಡುವುದೋ, ಉಸಿರಿಗೆ ತಿಣುಕುವುದೋ ಎಂಬುದು ಬಹುಮಟ್ಟಿಗೆ ಆ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಕರ್ಮ ಮಾಡುವವನು ಒಬ್ಬ, ಫಲ ಉಣ್ಣುವುದು ಇನ್ನೊಂದು ಜೀವ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಕಠಿಣವಾದ ಸಂದರ್ಭ ಸಿಗುವುದು ಅಪರೂಪ.

ಹಿಂದೆ ಈ ಆಯ್ಕೆಯಲ್ಲಿ ಬಾಳಿನ ದಾರಿಗೂ ಪಾಲಿತ್ತು, ಬಂಜಾರರನ್ನೇ ನೋಡಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಅವರ ಆರಾಧ್ಯರಾದ ಸೇವಾಲಾಲರ ಜನ್ಮಸ್ಥಳ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಆ ಜನರ ಬೀಡಿಗೆ ರಾತ್ರಿ ನಾಯಿಗಳ ಕಾವಲಿತ್ತು. ಬಿಸಿಲಲ್ಲಿ ಗಾವುದಗಟ್ಟಲೆ ನಡೆಯಲಾರದ ನಾಯಿಯ ವಂಶ ಅಂಥ ಬಾಳಿನಲ್ಲಿ ಉಳಿಯುತ್ತಿರಲಿಲ್ಲ. ತಳಿಯ ಗುಣವನ್ನು ದಾರಿಯೇ ಪರೀಕ್ಷಿಸುತ್ತಿತ್ತು. ಕರ್ನಾಟಕದ ಹೆಸರಾಂತ ಬೇಟೆನಾಯಿಯಾದ ಮುಧೋಳವನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ಇಂದಿಗೂ ಕ್ಯಾರವಾನ್ ಹೌಂಡ್, ಅಂದರೆ ಸಂಚಾರಿ ತಂಡದ ಬೇಟೆನಾಯಿ, ಎಂದೇ ದಾಖಲಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಬೇಕಾದದ್ದೇ. ಆದರೆ ಅದರೊಂದಿಗೆ ಬಯಲಿನ ಪರೀಕ್ಷೆಯೂ ಹೋಯಿತು. ಈಗ ಆ ಪರೀಕ್ಷೆಯನ್ನು ಮನುಷ್ಯನೇ ಬುದ್ಧಿಪೂರ್ವಕವಾಗಿ ಮಾಡಬೇಕು. ಮಾಡದಿದ್ದಲ್ಲಿ ಬಣ್ಣ, ಎತ್ತರ, ಬೆಲೆಗಳಷ್ಟೇ ಅಳತೆಗೋಲಾಗುತ್ತವೆ.

ನಾಯಿಯ ಹಿರಿಮೆಯನ್ನು ಕನ್ನಡನಾಡು ಬೇರೆ ರೀತಿಯಲ್ಲಿ ಅಳೆದದ್ದುಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ಗಂಗ ದೊರೆ ಬೂತುಗನ ಸೇವಕ ಮಣಲೇರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ಪಾಪ ತಟ್ಟುವುದೆಂದೂ ಬರೆಸಿದ. ಆ ಕಲ್ಲು ಸಾರುವುದು ಕಾಳಿ ಮಾಡಿದ್ದನ್ನು. ಅದರ ಕುಲ ಯಾವುದೆಂಬುದು ಅಲ್ಲಿ ಮಾತೇ ಅಲ್ಲ.

ಸಾಕುವವನ ಹೊಣೆಯ ವಿಚಾರಕ್ಕೆ ಜೈನಧರ್ಮ ಇನ್ನೂ ಹತ್ತಿರ ಬರುತ್ತದೆ. ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನನೀರು ತಡೆಯುವುದು. ಇವೆಲ್ಲ ಮನೆಯಲ್ಲಿ ಸಾಕಿದ ಜೀವಕ್ಕೂ ಅನ್ವಯಿಸುವ ಮಾತುಗಳು. ಮೂಗು ಮೋಟಾಗಿ ಉಸಿರಾಡಲು ಕಷ್ಟಪಡುವ ಪಗ್ಗನ್ನು ಬೇಕೆಂದೇ ಹುಟ್ಟಿಸುವುದು ಹುಟ್ಟುವ ಮೊದಲೇ ಮಾಡಿದ ಅಂಗಚ್ಛೇದವಲ್ಲದೆ ಮತ್ತೇನು? ಕತ್ತಿ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ದೋಷ ತಪ್ಪದು.

ಹೀಗಾಗಿ ಜೋಡಿ ಮಾಡಿಸುವ ಮುನ್ನ ನಡೆಸುವ ತಪಾಸಣೆಗೆ ವ್ರತದ ಬೆಲೆ ಬರುತ್ತದೆ. ಮೊದಲು ನೋಡಬೇಕಾದದ್ದು ವಂಶಾವಳಿ. ಸಗೋತ್ರ, ಒಂದೇ ಬೆಡಗು ಎಂದು ಸಂಬಂಧ ನಿಲ್ಲಿಸುವ ಮನೆಗಳಲ್ಲೇ ಒಂದೇ ಸೂಲಿನ ಮರಿಗಳನ್ನು ಕೂಡಿಸುವುದುಂಟು. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ ಮರಿಗಳಲ್ಲಿ ಅಂತಃಸಂತಾನದ ಪ್ರಮಾಣ, ಅಂದರೆ ಎರಡೂ ಕಡೆಯಿಂದ ಒಂದೇ ಪೂರ್ವಜನ ಜೀನ್ ಬರುವ ಸಂಭವ, 25%, ತಂದೆ ಮಾತ್ರ ಒಂದಾಗಿದ್ದರೆ 12.5%. ತಂದೆತಾಯಿ ಇಬ್ಬರೂ ಒಂದೇ ಸುಪ್ತ ರೋಗದ ವಾಹಕಗಳಾಗಿದ್ದರೆ ಪ್ರತಿ ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೊರಗೆ ಇಬ್ಬರೂ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ, ಅದೇ ಅಪಾಯ. ಕಣ್ಣು, ಹೃದಯ, ಭಾರಿ ತಳಿಗಳಲ್ಲಿ ಸೊಂಟದ ಕೀಲುಗಳ ತಪಾಸಣೆ, ಎರಡೂ ನಾಯಿಗಳಿಗೆ ಕೂಡಿಕೆಯಿಂದ ಹರಡುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಆಗಬೇಕು. ಸ್ವಭಾವವನ್ನೂ ತೂಗಬೇಕು, ಬೆದರಿ ಕಚ್ಚುವ ನಾಯಿ ಎಷ್ಟು ಚೆಲುವಾಗಿದ್ದರೂ ವಂಶಕ್ಕೆ ತಕ್ಕದ್ದಲ್ಲ. ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಹೆಣ್ಣುನಾಯಿಗೆ ವರ್ಷಕ್ಕೆ ಒಂದಕ್ಕಿಂತ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಸಲ್ಲದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಉಳಿದದ್ದು ಶುದ್ಧತೆಯ ಪ್ರಶ್ನೆ. ಡಾಲ್ಮೇಶಿಯನ್ ತಳಿಯಲ್ಲಿ, ಮೂತ್ರದಲ್ಲಿ ಕಲ್ಲು ಕಟ್ಟಿಸಬಲ್ಲ ಯೂರಿಕ್ ಆಮ್ಲದ ದೋಷ ಎಲ್ಲ ನಾಯಿಗಳಿಗೂ ಹರಡಿತ್ತು. ಅಮೆರಿಕದಲ್ಲಿ 1973ರಲ್ಲಿ ಒಂದೇ ಒಂದು ಬಾರಿ ಪಾಯಿಂಟರ್ ನಾಯಿಯ ರಕ್ತ ಸೇರಿಸಿ, ಮುಂದಿನ ಪೀಳಿಗೆಗಳನ್ನು ಮತ್ತೆ ಡಾಲ್ಮೇಶಿಯನ್‌ಗಳಿಗೇ ಕೂಡಿಸುತ್ತ ಹೋಗಿ ಆ ದೋಷವಿಲ್ಲದ ವಂಶ ಪಡೆದರು. ಅಲ್ಲಿನ ಕೆನಲ್ ಕ್ಲಬ್ ಅದನ್ನು ಒಪ್ಪಿಕೊಂಡದ್ದು 2011ರಲ್ಲಿ. ಅಷ್ಟು ವರ್ಷ ನೋವು ಉಣ್ಣಿಸಿದ್ದು ಶುದ್ಧತೆಯ ಹಟ. ಕುಲದ ಹೆಮ್ಮೆಗಾಗಿ ದೇಹವನ್ನು ಬಲಿಕೊಡುವ ಶುದ್ಧತೆಗೆ ಧರ್ಮದ ಬೆಂಬಲವಿಲ್ಲ. ತಳಿಯನ್ನು ಉಳಿಸುವುದು ತಪ್ಪಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ನಡೆದಿರುವುದೂ ಅದಕ್ಕಾಗಿಯೇ. ಆದರೆ ದೋಷ ಗೊತ್ತಿದ್ದೂ ಜೋಡಿ ಮಾಡಿಸುವುದು ಹಿಂಸೆ, ತಿಳಿದುಕೊಳ್ಳಬಹುದಾದದ್ದನ್ನು ತಿಳಿಯದೆ ಮಾಡಿಸುವುದು ಪ್ರಮಾದ. ಮರಿ ಕೊಳ್ಳುವವರೂ ಈ ಹೊಣೆಯಿಂದ ಹೊರತಲ್ಲ. ದುಡ್ಡು ಎಣಿಸುವ ಮೊದಲು ಅವರು ತಾಯಿನಾಯಿಯನ್ನು ಕಣ್ಣಾರೆ ಕಾಣಬೇಕು, ಅದಕ್ಕಿದು ಎಷ್ಟನೆಯ ಸೂಲು ಎಂದು ಕೇಳಬೇಕು.