ಬಿಟ್ಟು ಬಂದ ಊರು ಯಾರದು?

ಊರು ಬಿಟ್ಟು ಬಂದವನಿಗೆ ಆ ಊರಿನ ಮೇಲೆ ಎಷ್ಟು ವರ್ಷ ಹಕ್ಕು ಉಳಿಯುತ್ತದೆ? ಕಾನೂನಿನ ಹಕ್ಕಿನ ಮಾತಲ್ಲ, ಅದಕ್ಕೆ ವಕೀಲರಿದ್ದಾರೆ. ನ್ಯಾಯವಾಗಿ, ಮನಸ್ಸಾಕ್ಷಿಗೆ ಒಪ್ಪುವಂತೆ, ಎಷ್ಟು ವರ್ಷ? ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಗೆ ಊರಿನಲ್ಲಿ ಬೀಗ ಹಾಕಿದ ಒಂದು ಮನೆಯೋ, ಪಾಲಿಗೆ ಕೊಟ್ಟ ನಾಲ್ಕೆಕರೆ ಹೊಲವೋ ಇದ್ದೇ ಇರುತ್ತದೆ. ಆದ್ದರಿಂದ ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲವೆಂದು ನಂಬಿದ್ದೇವೆ. ಆದರೆ ನಮಗೆ ಇದು ಹೊಳೆದದ್ದು ಊರಿನಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ. ಇಟಲಿ ದೇಶದ ಒಂದು ಗುಡ್ಡದ ಮೇಲೆ, ಛಾವಣಿಯಿಲ್ಲದ ಒಂದು ಇಗರ್ಜಿಯ ಮುಂದೆ ನಿಂತಾಗ.

ಕೇಂದ್ರ ಸರ್ಕಾರದ ಗುಮಾಸ್ತನೊಬ್ಬ ಇಟಲಿಗೆ ಹೋದದ್ದು ಹೇಗೆಂದು ಓದುಗರು ಹುಬ್ಬೇರಿಸಬಹುದು. ಎಲ್.ಟಿ.ಸಿ. ಅಷ್ಟು ದೂರ ಬರುವುದಿಲ್ಲ. ನಮ್ಮ ಅಕ್ಕನ ಮಗ ಜಿನೋವಾ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನ ಹಟಕ್ಕೆ ಕಟ್ಟುಬಿದ್ದು ಒಂದು ಅಕ್ಟೋಬರಿನಲ್ಲಿ ಸಕುಟುಂಬ ಹತ್ತು ದಿನ ಹೋಗಿ ಬಂದೆವು. ರೋಮ್, ವೆನಿಸ್ ನೋಡಲಿಲ್ಲ. ಹುಡುಗನಿಗೆ ರಜೆಯಿದ್ದ ದಿನಗಳಲ್ಲಿ ಲಿಗೂರಿಯಾ ಪ್ರಾಂತದ ಕರಾವಳಿಗೆ ಅಂಟಿಕೊಂಡಿರುವ ಗುಡ್ಡದ ಹಳ್ಳಿಗಳನ್ನು ನೋಡಿದೆವು. ಅದೇ ಬೇಕಾದಷ್ಟಾಯಿತು.

ಆ ಕರಾವಳಿಯಲ್ಲಿ ಬಯಲೆಂಬುದು ಬಹಳ ಕಡಿಮೆ. ಸಮುದ್ರ ಮುಗಿದಲ್ಲಿ ಗುಡ್ಡ ಏಳುತ್ತದೆ. ನಮ್ಮಲ್ಲಾದರೆ ನೀರಿನ ಪಕ್ಕದಲ್ಲೇ ಊರು ಕಟ್ಟುತ್ತಿದ್ದರು. ಅಲ್ಲಿ ಮಧ್ಯಯುಗದ ಜನ ನೀರಿನಿಂದ ದೂರ ಓಡಿ ಗುಡ್ಡದ ನೆತ್ತಿಯ ಮೇಲೆ ಕುಳಿತರು. ಕಾರಣ ಭಯ. ಒಂಬತ್ತನೆಯ ಶತಮಾನದ ಕೊನೆಯಿಂದ ಸುಮಾರು 80 ವರ್ಷ, ಪಕ್ಕದ ಪ್ರೊವಾನ್ಸಿನಲ್ಲಿ ನೆಲೆಯೂರಿದ್ದ ಅರಬ್ ದಾಳಿಕೋರರು ಈ ತೀರವನ್ನು ಸುಲಿದರು. ಅವರು ಹೋದ ಮೇಲೂ ಭಯ ಹೋಗಲಿಲ್ಲ. 1549ರಲ್ಲಿ ತುರ್ಗುತ್ ರಯೀಸನೆಂಬ ಕಡಲುಗಳ್ಳ ಸೇನಾನಿ ರಪಾಲ್ಲೋ ಪಟ್ಟಣಕ್ಕೆ ನುಗ್ಗಿ ಜನರನ್ನು ಗುಲಾಮರಾಗಿ ಎಳೆದೊಯ್ದ. ಹೀಗೆ ಹೆದರಿದ ಜನ ಮನೆಗೆ ಮನೆ ಒತ್ತಿ, ಹೊರಗೋಡೆಯೇ ಕೋಟೆಗೋಡೆಯಾಗುವಂತೆ ಕಟ್ಟಿಕೊಂಡರು. ಒಳಗಿನ ಓಣಿಗಳು ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟು. ಓಣಿಯ ಮೇಲೆ ಅಲ್ಲಲ್ಲಿ ಎದುರುಬದುರಿನ ಮನೆಗಳ ನಡುವೆ ಕಲ್ಲಿನ ಕಮಾನುಗಳಿವೆ. ಅಲಂಕಾರವೆಂದುಕೊಂಡಿದ್ದೆವು. ಅಲ್ಲ, ಭೂಮಿ ನಡುಗಿದಾಗ ಒಂದು ಮನೆ ಇನ್ನೊಂದಕ್ಕೆ ಆತುಕೊಳ್ಳಲೆಂದು ಇಟ್ಟ ಊರುಗೋಲುಗಳು.

ಚೆರ್ವೋ ಎಂಬ ಊರು ಸಮುದ್ರದ ಮೇಲೆಯೇ ಬಾಗಿದಂತಿದೆ. ಹವಳ ತೆಗೆಯುವ ಬೆಸ್ತರು ಹಣ ಕೂಡಿಸಿ ಕಟ್ಟಿದ ದೊಡ್ಡ ಇಗರ್ಜಿ ಅಲ್ಲಿದೆ. ದೋಲ್ಚೆಆಕ್ವಾದಲ್ಲಿ ಹೊಳೆ ದಾಟಲು ಒಂದೇ ಕಮಾನಿನ ಕಲ್ಲುಸೇತುವೆ. 1884ರಲ್ಲಿ ಫ್ರಾನ್ಸಿನ ಚಿತ್ರಕಾರ ಮೊನೆ ಬಂದು ಅದರ ಚಿತ್ರ ಬರೆದಿದ್ದಾನೆ. ಇವೆಲ್ಲ ಚೆಂದವೇ. ಆದರೆ ನಮ್ಮ ಕಣ್ಣು ಹೋದದ್ದು ಊರುಗಳ ಕೆಳಗಿನ ಇಳಿಜಾರುಗಳ ಕಡೆಗೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು, ಗೋಡೆಯ ಹಿಂದೆ ತುಂಬಿದ ಒಂದು ಹಿಡಿ ಮಣ್ಣು, ಆ ಮಣ್ಣಿನಲ್ಲಿ ಆಲಿವ್ ಗಿಡ. ಇಡೀ ಬೆಟ್ಟವೇ ಮೆಟ್ಟಿಲು. ಪ್ರತಿ ಮಳೆಗಾಲ ಒಂದೆರಡು ಕಲ್ಲು ಜಾರುತ್ತವೆ. ಯಾರಾದರೂ ಅವನ್ನು ಎತ್ತಿ ಮತ್ತೆ ಕೂಡಿಸಬೇಕು. ಎಂಟು ನೂರು ವರ್ಷ ಯಾರೋ ಕೂಡಿಸುತ್ತಲೇ ಇದ್ದರು.

ಕಡಲುಗಳ್ಳರ ಭಯ ತೀರಿತು, 1872ರಲ್ಲಿ ತೀರದುದ್ದಕ್ಕೂ ರೈಲು ಬಂತು, ಕೆಳಗೆ ಕೆಲಸ ಹುಟ್ಟಿತು. ಜನ ಇಳಿಯತೊಡಗಿದರು. ಕೆಲವರು ರೈಲಿನವರೆಗೆ ಇಳಿದರೆ ಹಲವರು ಹಡಗಿನವರೆಗೆ ಇಳಿದರು. ಅರ್ಜೆಂಟೈನಾದ ಬ್ಯೂನಸ್ ಐರಿಸ್ ನಗರದ ಬೋಕಾ ಎಂಬ ಬಂದರು ಮೊಹಲ್ಲಾ ಜಿನೋವಾ ಸೀಮೆಯವರೇ ನೆಲೆಸಿದ್ದು. ಅವರೂ ಅಲ್ಲಿ ಸಂಘ ಕಟ್ಟಿಕೊಂಡರಂತೆ, ನಮ್ಮ ಹಾಗೆಯೇ! ಮೇಲಿನ ಕಲ್ಲುಗಳನ್ನು ಕೂಡಿಸುವ ಕೈಗಳು ಮಾತ್ರ ಕಡಿಮೆಯಾದವು.

ಈಗ ಆ ಇಗರ್ಜಿಯ ಮಾತು. ಸಾನ್‌ರೆಮೋ ಪಟ್ಟಣದ ಆಡಳಿತಕ್ಕೆ ಸೇರಿದ ಒಂದು ಗುಡ್ಡದ ಮೇಲೆ ಬುಸ್ಸಾನಾ ವೆಕ್ಕಿಯಾ ಎಂಬ ಊರಿದೆ. ಹಳೆ ಬುಸ್ಸಾನಾ ಎಂದರ್ಥ. 1887ರ ಫೆಬ್ರವರಿ 23, ಕ್ರೈಸ್ತರ ವಿಭೂತಿ ಬುಧವಾರ. ಬೆಳಗಿನ ಪೂಜೆಗೆ ಜನ ಇಗರ್ಜಿಯಲ್ಲಿ ಸೇರಿದ್ದಾಗ ಭೂಮಿ ನಡುಗಿತು. ಛಾವಣಿ ಅವರ ಮೇಲೆ ಬಿತ್ತು. ಇಡೀ ಪ್ರಾಂತದಲ್ಲಿ ಆರು ನೂರಕ್ಕೂ ಹೆಚ್ಚು ಮಂದಿ ಸತ್ತರು. ಈ ಸಣ್ಣ ಊರೊಂದರಲ್ಲೇ ಐವತ್ತಕ್ಕೂ ಹೆಚ್ಚು. ಭೂಕಂಪದ ಅಳತೆಗೋಲಿಗೆ ಹೆಸರು ಕೊಟ್ಟ ಮೆರ್ಕಾಲ್ಲಿ ಈ ಕಂಪವನ್ನು ಸ್ವತಃ ಅಧ್ಯಯನ ಮಾಡಿದ್ದಾನೆ. ಉಳಿದವರು ಕೆಲವು ವರ್ಷ ಗುಡಿಸಲುಗಳಲ್ಲಿ ಕಾಲ ಹಾಕಿ, 1894ರಲ್ಲಿ ಸಮುದ್ರದ ಹತ್ತಿರ ಕಟ್ಟಿದ ಹೊಸ ಬುಸ್ಸಾನಾಕ್ಕೆ ಇಳಿದುಹೋದರು. ಮೇಲಿನ ಊರು ಬರಿದಾಯಿತು. ಗಂಟೆಗೋಪುರ ಒಂದು ನೆಟ್ಟಗೆ ನಿಂತಿತ್ತು, ಇಂದೂ ನಿಂತಿದೆ.

ಎರಡನೆಯ ಮಹಾಯುದ್ಧದ ನಂತರ ದಕ್ಷಿಣ ಇಟಲಿಯ ಬಡವರು ಕೆಲಸ ಹುಡುಕಿಕೊಂಡು ಈ ಸೀಮೆಗೆ ಬಂದರು. ತಲೆಯ ಮೇಲೆ ಸೂರಿಲ್ಲದೆ ಈ ಪಾಳು ಮನೆಗಳಿಗೆ ಹೊಕ್ಕರು. ಸರ್ಕಾರ ಪೊಲೀಸರನ್ನು ಕಳಿಸಿ ಅವರನ್ನು ಹೊರಹಾಕಿತು. ಮತ್ತೆ ಯಾರೂ ಬಾರದಿರಲೆಂದು ಮೆಟ್ಟಿಲುಗಳನ್ನೂ ಉಳಿದ ಮಾಡುಗಳನ್ನೂ ಒಡೆಸಿತು. 1959ರ ಸುಮಾರಿಗೆ ಕ್ಲೀತ್ಸಿಯಾ ಎಂಬ ಹೆಸರಿನಿಂದ ಪ್ರಸಿದ್ಧನಾದ, ತೂರಿನ್ ನಗರದ ಮಣ್ಣಿನ ಶಿಲ್ಪಿ ಬಂದ. ಅವನ ಹಿಂದೆ ಇನ್ನಷ್ಟು ಕಲಾವಿದರು ಬಂದರು. ಮನೆಯನ್ನು ಬಳಸಬಹುದು, ಆದರೆ ಯಾರೂ ತನ್ನದೆನ್ನಬಾರದು ಎಂದು ಅವರೇ ಒಂದು ಕಟ್ಟಳೆ ಮಾಡಿಕೊಂಡರು. ನೀರಿಲ್ಲ, ದೀಪವಿಲ್ಲ. ಬಿದ್ದ ಕಲ್ಲನ್ನೇ ಎತ್ತಿ ಬಿದ್ದ ಗೋಡೆ ಕಟ್ಟಿದರು. 1968ರಲ್ಲಿ ಪೊಲೀಸರು ಮತ್ತೆ ಬಂದಾಗ ದಾರಿಗೆ ಅಡ್ಡಗಟ್ಟಿ ನಿಂತರು. ಪತ್ರಿಕೆಯವರು ನೋಡುತ್ತಿದ್ದರು. ಪೊಲೀಸರು ಹಿಂದಿರುಗಿದರು. ಕಾಲ ಕಳೆದಂತೆ ಆ ಕಟ್ಟಳೆಯೂ ಸಡಿಲವಾಯಿತು. ಇದು ರಾಷ್ಟ್ರದ ಸ್ವತ್ತು ಎಂದು ಸರ್ಕಾರವೂ, ಇದು ನಮ್ಮ ಬೆವರು ಎಂದು ನಿವಾಸಿಗಳೂ ದಶಕಗಟ್ಟಲೆ ವಾದಿಸುತ್ತ ಬಂದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಊರು ಯಾರದು?

ಕಟ್ಟಿದವರದು, ಅವರ ಮಕ್ಕಳು ಮೊಮ್ಮಕ್ಕಳದು ಎನ್ನುವುದು ಮೊದಲು ತೋಚುವ ಉತ್ತರ. ಅವರೇನು ಮೋಜಿಗೆ ಬಿಟ್ಟುಹೋದರೇ? ತಂದೆತಾಯಿಗಳನ್ನು ಕಲ್ಲಿನ ಕೆಳಗಿಂದ ಎಳೆದು ಹೂತು ಹೋದರು. ಇದು ತೂಕವಾದ ಮಾತೇ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಹೊರಬಂದ ಗ್ರಂಥದಲ್ಲಿ ಇನ್ನೊಂದು ದಾರಿ ತೋರಿಸಿದ್ದಾನೆ: ಯಾರೂ ಆಕ್ರಮಿಸದ ವಸ್ತುವಿಗೆ ಮನುಷ್ಯ ತನ್ನ ದುಡಿಮೆಯನ್ನು ಬೆರೆಸಿದಾಗ ಅದು ಅವನದಾಗುತ್ತದೆ, ಉಳಿದವರಿಗೂ ಸಾಕಷ್ಟು ಇರಬೇಕು, ಅಷ್ಟೆ. ಹಾಗೆ ನೋಡಿದರೆ ಕಲಾವಿದರ ಕಡೆ ತಕ್ಕಡಿ ವಾಲುತ್ತದೆ. ಆದರೆ ಬಿಟ್ಟುಹೋದ ಮನೆ ಯಾರದೂ ಅಲ್ಲದ ಮನೆಯೇ? ಲಾಕ್ ಮಹಾಶಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪರಊರಿಗೆ ಹೋದವನ ಬಗ್ಗೆ ಯೋಚಿಸಿದಂತೆ ಕಾಣುವುದಿಲ್ಲ.

ಕಾನೂನುಗಳು ಇದಕ್ಕೆ ವರ್ಷಗಳ ಲೆಕ್ಕ ಹಾಕಿವೆ. ಇಟಲಿಯ 1942ರ ನಾಗರಿಕ ಸಂಹಿತೆಯ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ ಒಡೆಯನಂತೆ ಅನುಭವಿಸಿದವನಿಗೆ ಸ್ಥಿರಾಸ್ತಿ ಸಿಕ್ಕಬಹುದು. ನಮ್ಮ 1963ರ ಕಾಲಮಿತಿ ಅಧಿನಿಯಮದಲ್ಲಿ ಖಾಸಗಿ ಆಸ್ತಿಗೆ 12 ವರ್ಷ, ಸರ್ಕಾರದ್ದಾದರೆ 30. ಹನ್ನೆರಡನೆಯ ವರ್ಷದ ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಇಲ್ಲದ ನ್ಯಾಯ ಹನ್ನೆರಡು ಹೊಡೆದೊಡನೆ ಹುಟ್ಟುತ್ತದೆಂದರೆ ನಗು ಬರುತ್ತದೆ. ಆದರೂ ಆ ಅಂಕಿಯ ಹಿಂದೆ ಒಂದು ವಿವೇಕವಿದೆ: ವಿಚಾರಿಸದವನ ಹಕ್ಕು ತುಕ್ಕು ಹಿಡಿಯುತ್ತದೆ.

ಮತ್ತೆ ಬಿಟ್ಟ ಆಸ್ತಿ ಸುಮ್ಮನೆ ಇರುವುದೂ ಇಲ್ಲ. ಅದೇ ಕರಾವಳಿಯ ಪೂರ್ವಭಾಗದ ಚಿಂಕ್ವೆ ತೆರ್ರೆಯಲ್ಲಿ 2011ರ ಅಕ್ಟೋಬರ್ 25ರಂದು ಭಾರಿ ಮಳೆ ಬಿದ್ದಾಗ ವೆರ್ನಾತ್ಸಾ, ಮೊಂತೆರೊಸ್ಸೋ ಊರುಗಳಿಗೆ ಕೆಸರು, ಕಲ್ಲು ನುಗ್ಗಿ ಜನ ಸತ್ತರು. ಆ ಮಳೆಗೆ ಯಾವ ಗೋಡೆಯೂ ಸಾಲುತ್ತಿರಲಿಲ್ಲವೇನೋ. ಆದರೆ ಮೇಲಿನ ಮೆಟ್ಟಿಲುಹೊಲಗಳನ್ನು ಕೇಳುವವರಿಲ್ಲದ್ದು ಅನಾಹುತವನ್ನು ಹೆಚ್ಚಿಸಿತೆಂಬುದನ್ನು ಆಗ ಅನೇಕರು ಎತ್ತಿ ಆಡಿದರು. ಬ್ಯೂನಸ್ ಐರಿಸಿನಲ್ಲಿ ಕುಳಿತ ಒಡೆಯನ ಗೋಡೆ ಬಿದ್ದರೆ ಪೆಟ್ಟು ತಿನ್ನುವವನು ಕೆಳಗಿನ ಮನೆಯವನು. ಒಡೆತನವೆಂದರೆ ಬರೀ ಬೇಲಿ ಹಾಕುವ ಅಧಿಕಾರವಲ್ಲ, ಬಿದ್ದ ಕಲ್ಲು ಎತ್ತಿಡುವ ಹೊಣೆಯೂ ಹೌದೆಂದರೆ, ಹೊಣೆ ಬಿಟ್ಟು ಅಧಿಕಾರ ಮಾತ್ರ ಇಟ್ಟುಕೊಳ್ಳುವುದು ಹೇಗೆ?

ಇಷ್ಟಾದರೂ ನಮ್ಮನ್ನು ಚುಚ್ಚಿದ್ದು ಬೇರೆ ಸಂಗತಿ. ಮೊದಲು ಬಂದ ಬಡವರೂ ಅದೇ ಪಾಳುಮನೆಗಳಿಗೆ ಬಂದವರು. ಅವರಿಗೆ ಮೆಟ್ಟಿಲು ಒಡೆದ ಉತ್ತರ ಸಿಕ್ಕಿತು. ಕಲಾವಿದರಿಗೂ ಪೊಲೀಸರ ಕಾಟ ತಪ್ಪಲಿಲ್ಲ, ನಿಜ. ಆದರೆ ಅವರ ಪರವಾಗಿ ಬರೆಯುವವರಿದ್ದರು, ಅವರ ಚಿತ್ರ ಕೊಳ್ಳುವವರಿದ್ದರು. ಇಂದು ಆ ಓಣಿಗಳಲ್ಲಿ ಪ್ರವಾಸಿಗಳು ಕಲಾವಿದರ ಅಂಗಡಿಗಳನ್ನು ಮೆಚ್ಚಿ ನೋಡುತ್ತಾರೆ. ನಾವೂ ನೋಡಿದೆವು, ಮನೆಯವರು ಒಂದು ಮಣ್ಣಿನ ಬಟ್ಟಲನ್ನೂ ಕೊಂಡರು. ಮೊದಲು ಬಂದವರು ಯಾರು, ಆಮೇಲೆ ಎಲ್ಲಿಗೆ ಹೋದರು ಎಂಬುದನ್ನು ಅಲ್ಲಿ ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬಟ್ಟಲನ್ನು ಕಾಗದದಲ್ಲಿ ಸುತ್ತಿಸಿಕೊಳ್ಳುವಾಗ ನಮಗೆ ಊರಿನ ಮನೆ ನೆನಪಾಯಿತು. ರೋಣ ತಾಲ್ಲೂಕಿನ ನಮ್ಮ ಹಳ್ಳಿಯದು ಮಣ್ಣಿನ ಮಾಳಿಗೆಯ ಮನೆ. ಅಂಥ ಮನೆಯನ್ನು ಬಲ್ಲವರಿಗೆ ಗೊತ್ತು, ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕು. ಎರಡು ವರ್ಷ ಬಿಟ್ಟರೆ ಸೋರುತ್ತದೆ, ನಾಲ್ಕು ವರ್ಷ ಬಿಟ್ಟರೆ ತೊಲೆ ಕೊಳೆಯುತ್ತದೆ. ಅಪ್ಪ ತೀರಿದ ಮೇಲೆ ನಾವು ಏಳು ವರ್ಷ ಬಿಟ್ಟೆವು. ಪಡಸಾಲೆಯ ಒಂದು ಮೂಲೆ ಕುಸಿಯಿತು. ಆಗ ಬೇರೆ ಸೀಮೆಯಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಗೌಂಡಿ ನಮ್ಮ ಕಾಕಾ ಅವರನ್ನು ಕೇಳಿ ಹೆಂಡತಿ ಮಕ್ಕಳೊಂದಿಗೆ ಒಳಗೆ ಸೇರಿಕೊಂಡ. ತೊಲೆ ಬದಲಾಯಿಸಿದ. ಬಿದ್ದ ಮೂಲೆ ಎತ್ತಿದ. ವರ್ಷ ತಪ್ಪದೆ ಮಣ್ಣು ಹಾಕುತ್ತಿದ್ದಾನೆ. ಇದು ಹದಿನಾಲ್ಕನೆಯ ವರ್ಷ. ಅವನ ಕಿರಿಯ ಮಗಳು ಹುಟ್ಟಿದ್ದು ನಾವು ಹುಟ್ಟಿದ ಕೋಣೆಯಲ್ಲೇ.

ಊರಿಗೆ ಹೊಸ ರಸ್ತೆ ಬರುತ್ತದೆಂಬ ಸುದ್ದಿ ಹುಟ್ಟಿದ್ದೇ ತಡ, ಆ ಮನೆ ನಮ್ಮೆಲ್ಲರಿಗೂ ನೆನಪಾಯಿತು. ಹನ್ನೆರಡು ವರ್ಷದ ಮಾತು ಹೆದರಿಸಿತು. ಒಪ್ಪಿಗೆ ಪಡೆದು ಇದ್ದವನಿಗೆ ಆ ಹಕ್ಕು ಹುಟ್ಟುವುದಿಲ್ಲವೆಂದು ವಕೀಲರು ಧೈರ್ಯ ಹೇಳಿದರು. ಆದರೂ ತೆರವಿನ ನೋಟೀಸು ಕೊಟ್ಟುಬಿಡುವುದು ಮೇಲೆಂದರು. ಅಣ್ಣನವರು ಸಹಿ ಮಾಡಿ ನಮಗೆ ಕಳಿಸಿದರು. ಇಟಲಿಗೆ ಹೊರಡುವ ಗಡಿಬಿಡಿಯಲ್ಲಿ ಆ ಕಾಗದ ಹಾಗೆಯೇ ಉಳಿಯಿತು. ಬಂದ ಮೇಲೆ ಫೋನಿನಲ್ಲಿ ಕೇಳಿದರು.

‘ಏನೋ, ಸಹಿ ಮಾಡಿಲ್ಲಂತ? ಮನಿ ನಮ್ಮದಲ್ಲೇನು?’

‘ನಮ್ಮದ ಖರೆ ಅಣ್ಣಾ. ಮಾಳಿಗಿ ಯಾರದು?’

ಅಣ್ಣನವರಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಅವರ ಮಾತಿನಲ್ಲೂ ಸುಳ್ಳಿಲ್ಲ. ಅಪ್ಪ ಬಿಟ್ಟುಹೋದದ್ದು ಅದೊಂದೇ. ಅವ್ವ ಕೊನೆಯವರೆಗೂ ಅದರ ಕೀಲಿಕೈಯನ್ನು ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡಿದಳು. ಅದನ್ನು ಸುಮ್ಮನೆ ಬಿಟ್ಟುಕೊಡಲು ನಮಗೂ ಮನಸ್ಸಾಗದು. ನಾವೇನು ಸಂತರಲ್ಲ, ರಸ್ತೆ ಬಂದರೆ ಬೆಲೆ ಎಷ್ಟಾದೀತೆಂದು ಲೆಕ್ಕ ಹಾಕಿಯೂ ನೋಡಿದ್ದೇವೆ. ಆದರೆ ಮನಸ್ಸಿನಲ್ಲಿ ಒಂದು ಪರೀಕ್ಷೆ ಮಾಡಿ ನೋಡಿದೆವು. ಅದೇ ಮನೆಯಲ್ಲಿ ಬೆಂಗಳೂರಿನ ಹೆಸರಾಂತ ಚಿತ್ರಕಾರರೊಬ್ಬರು ಹದಿನಾಲ್ಕು ವರ್ಷ ಇದ್ದು, ಮಾಳಿಗೆ ದುರಸ್ತಿ ಮಾಡಿಸಿ, ಗೋಡೆಯ ಮೇಲೆ ಚಿತ್ರ ಬರೆದಿದ್ದರೆ? ನೋಟೀಸಿನ ಮಾತು ಎತ್ತುತ್ತಿದ್ದೆವೇ? ಈ ಮಾಸಪತ್ರಿಕೆಯಲ್ಲೇ ಹೆಮ್ಮೆಯಿಂದ ಲೇಖನ ಬರೆದು ಫೋಟೋ ಹಾಕಿಸುತ್ತಿರಲಿಲ್ಲವೇ?

ಇನ್ನೊಂದು ಮಾತೂ ಇದೆ. ಪುಣೆಗೆ ನಾವು ಬಂದಾಗ ನಾವೂ ಬೇರೆ ಸೀಮೆಯವರೇ. ನಮಗೆ ಮೊದಲ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ ಗುರುತು ಕೇಳಲಿಲ್ಲ. ಚಪಾತಿ ಮಾಡಲು ಬರುತ್ತದೆಯೇ ಎಂದಷ್ಟೇ ಕೇಳಿದಳು.

ಅಣ್ಣನವರಿಗೆ ಒಂದು ಕಾಗದ ಬರೆದಿದ್ದೇವೆ. ಬಸವ ಜಯಂತಿಗೆ ಮೂರು ದಿನ ರಜೆ ಕೂಡಿಸಿಕೊಂಡು ಊರಿಗೆ ಹೋಗುತ್ತೇವೆ, ನೀವೂ ಬನ್ನಿರಿ, ಅಲ್ಲಿಯವರೆಗೆ ನೋಟೀಸು ಬೇಡ ಎಂದು. ಮಾಳಿಗೆಗೆ ಮಣ್ಣು ಹಾಕುವುದೂ ಸುಮಾರು ಅದೇ ದಿನಗಳಲ್ಲಿ. ಗೌಂಡಿಗೆ ತೊಲೆಗೆ, ಗೋಡೆಗೆ ಎಷ್ಟು ಖರ್ಚಾಗಿದೆ, ಅವನಿಗೆ ಆ ಮನೆ ಬೇಕೋ, ಹಿತ್ತಿಲ ಜಾಗ ಸಾಕೋ, ಹಣ ಬೇಕೋ, ಅವನನ್ನೇ ಕೇಳಬೇಕೆಂದಿದ್ದೇವೆ. ಇಷ್ಟು ವರ್ಷಗಳಲ್ಲಿ ನಮ್ಮ ಪೈಕಿ ಯಾರೂ ಅವನನ್ನು ಏನನ್ನೂ ಕೇಳಿಲ್ಲ. ಅವನ ಪೂರ್ತಿ ಹೆಸರನ್ನು ನಾವು ಓದಿದ್ದೇ ಆ ನೋಟೀಸಿನಲ್ಲಿ.